ಪಂಪಿನ ಸ್ವಿಚ್ಚಿಗೆ ಹಾಕಿದ ಬೀಗ

ನಮ್ಮ ಕ್ವಾರಿಯ ಎಲೆಕ್ಟ್ರಿಷಿಯನ್ ಕೆಲಸ ಬಿಟ್ಟು ಹೋದಾಗ ಯಾರಿಗೂ ಅದೊಂದು ದೊಡ್ಡ ವಿಷಯ ಅನ್ನಿಸಲಿಲ್ಲ. ಪಾವಗಡದ ಕಡೆ ಸೋಲಾರ್ ಕೆಲಸ ಸಿಕ್ಕಿತು ಅಂತ ಹೇಳಿ, ಎಲ್ಲರಿಗೂ ಬೋಂಡಾ ತರಿಸಿಕೊಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟರು. ಇನ್ನೊಬ್ಬರು ಬರುತ್ತಾರೆ ಅಂದುಕೊಂಡೆವು. ಬರಲಿಲ್ಲ. ಮ್ಯಾನೇಜರ್ ತುಮಕೂರು, ಗುಬ್ಬಿ, ಕುಣಿಗಲ್ ಎಲ್ಲ ಕಡೆ ವಿಚಾರಿಸಿದರು. ಕೆಲಸ ಬಲ್ಲವರೆಲ್ಲ ಸೋಲಾರಿಗೋ ಹೊಸ ಕಾರ್ಖಾನೆಗಳಿಗೋ ಸೇರಿಬಿಟ್ಟಿದ್ದರು. ಧೂಳು, ಕೆಸರು, ಸಿಡಿಮದ್ದಿನ ನಡುವೆ ಕಲ್ಲು ಗಣಿಯಲ್ಲಿ ಇರಲು ಒಬ್ಬರೂ ಒಪ್ಪಲಿಲ್ಲ. ಕೊನೆಗೆ ಲೈಸೆನ್ಸ್ ಇದ್ದ ತುಮಕೂರಿನವರೊಬ್ಬರು ವಾರಕ್ಕೊಮ್ಮೆ ಬಂದು ನೋಡಿಹೋಗುತ್ತೇನೆ ಅಂದರು. ಅವರ ಕೈಯಲ್ಲಿ ಹಾಗೆ ಇನ್ನೂ ಎಷ್ಟೋ ಕ್ವಾರಿಗಳಿದ್ದವು. ಒಂದು ವಾರ ಬಂದರೆ ಇನ್ನೊಂದು ವಾರ ಫೋನಿನಲ್ಲೇ ಮಾತು ಮುಗಿಸುತ್ತಿದ್ದರು.

ನಾನು ಆ ಕ್ವಾರಿಯ ವೇಬ್ರಿಡ್ಜಿನಲ್ಲಿ ಕೂರುತ್ತಿದ್ದೆ. ಜಲ್ಲಿ ತುಂಬಿದ ಲಾರಿ ಬಂದು ನಿಂತರೆ ತೂಕ ನೋಡಿ ಚೀಟಿ ಹರಿದುಕೊಡುವುದಷ್ಟೇ ನನ್ನ ಕೆಲಸ. ಮನೆ ತುಮಕೂರಿನ ಬಟವಾಡಿ ಬಡಾವಣೆಯಲ್ಲಿ, ಬಾಡಿಗೆಯದು. ಯಜಮಾನರು ಆಟೋ ಓಡಿಸುತ್ತಾರೆ. ಬೆಳಿಗ್ಗೆ ಅವರು ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟರೆ ಕುಣಿಗಲ್ ಬಸ್ಸು ಹತ್ತಿ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸು. ಕ್ವಾರಿಯ ಕರೆಂಟಿನ ಸ್ವಿಚ್ಚುಗಳೆಲ್ಲ ಇರುವ ಪ್ಯಾನೆಲ್ ರೂಮಿನ ಬಾಗಿಲನ್ನು ಅಲ್ಲಿಯವರೆಗೆ ನಾನು ದಾಟಿರಲಿಲ್ಲ. ಅದರೊಳಗಿನಿಂದ ಬರುತ್ತಿದ್ದ ಗುಂಯ್ ಶಬ್ದ ಕೇಳಿದರೇ ದೂರ ನಡೆಯುತ್ತಿದ್ದೆ.

ಕರೆಂಟಿನ ಭಯ ನನಗೆ ಚಿಕ್ಕಂದಿನದು. ಗುಬ್ಬಿಯಲ್ಲಿ ನಮ್ಮ ತವರು ಮನೆಯ ಎದುರಿಗೆ ಒಂದು ಕಂಬವಿತ್ತು. ಒಂದು ಮಳೆಗಾಲದ ಬೆಳಿಗ್ಗೆ ಎದುರು ಮನೆಯವರ ಎಮ್ಮೆ ಅದಕ್ಕೆ ಮೈ ಉಜ್ಜಲು ಹೋಗಿ, ನಿಂತಲ್ಲೇ ಕಾಲು ಮಡಿಚಿ ಬಿತ್ತು. ಅರಚಲೂ ಇಲ್ಲ. ಎಮ್ಮೆಯ ಯಜಮಾನ ಓಡಿಹೋಗಲು ನೋಡಿದರೆ ಅವನ ತಮ್ಮ ಸೊಂಟ ಹಿಡಿದು ಕೆಸರಿಗೆ ಕೆಡವಿ ಮೇಲೆ ಕೂತುಬಿಟ್ಟ. ಕಣ್ಣ ಮುಂದೆ ಎಮ್ಮೆಯ ಚರ್ಮ ಇನ್ನೂ ಅದುರುತ್ತಿತ್ತು. ಬೀದಿಯವರೆಲ್ಲ ಸುತ್ತ ನಿಂತಿದ್ದೆವು. ಹತ್ತಿರ ಹೋಗಲು ಯಾರಿಗೂ ಕಾಲು ಬರಲಿಲ್ಲ.

ಇಂಥವಳನ್ನು ಮ್ಯಾನೇಜರ್ ಕರೆದು, "ಮೇಡಂ, ಹಿರೇಹಳ್ಳೀಲಿ ಕರೆಂಟ್ ಸೇಫ್ಟಿ ಟ್ರೈನಿಂಗ್ ಇದೆ. ನೀವು ಮತ್ತೆ ನಮ್ ಭಾಯಿ ಹೋಗ್ಬೇಕು" ಅಂದರು.

"ನಾನ್ಯಾಕೆ ಸಾರ್? ನಾನು ತೂಕ ನೋಡೋಳು."

"ಓದು ಬರಹ ಬರೋರು ಒಬ್ರು ಬೇಕು. ಇನ್ಯಾರವ್ರೆ ಹೇಳಿ ಇಲ್ಲಿ? ಡ್ರಿಲ್ಲಿಂಗ್‌ನೋರು ಬಿಹಾರದೋರು, ಇವತ್ತು ಇರ್ತಾರೆ, ನಾಳೆ ಇರಲ್ಲ."

ಭಾಯಿ ಅಂದರೆ ನಮ್ಮ ಕ್ವಾರಿಯ ವೆಲ್ಡರ್. ತುಮಕೂರಿನ ಪೇಟೆಯವರು, ಐವತ್ತು ದಾಟಿದವರು, ಗಡ್ಡ ಅರ್ಧ ಬೆಳ್ಳಗಾಗಿತ್ತು. ಮುರಿದ ಬಕೆಟ್ಟಿನಿಂದ ಹಿಡಿದು ನನ್ನ ಟಿಫನ್ ಡಬ್ಬಿಯ ಮುಚ್ಚಳದವರೆಗೆ ಏನು ಕೊಟ್ಟರೂ ಸರಿಮಾಡುತ್ತಿದ್ದರು. ಕಲ್ಲು ತೆಗೆದ ಗುಂಡಿಯಲ್ಲಿ ನಿಂತ ನೀರೆತ್ತುವ ಪಂಪು ಕೆಟ್ಟರೆ ನೀರಿಗೆ ಇಳಿಯುತ್ತಿದ್ದವರೂ ಅವರೇ. ಹಿರೇಹಳ್ಳಿಗೆ ಹೋಗುವ ಬಸ್ಸಿನಲ್ಲಿ ಅವರು ನನ್ನ ಮುಖ ನೋಡಿ, "ಯಾಕಮ್ಮಾ ಇಷ್ಟು ಹೆದರ್ಕೊಂಡಿದೀಯ? ಇಸ್ಕೂಲಿಗೆ ಹೋಗೋ ಹಂಗಿದೆ, ಅಷ್ಟೇ" ಅಂದರು.

ತರಬೇತಿ ನಡೆದದ್ದು ಒಂದು ತಗಡಿನ ಶೆಡ್ಡಿನಲ್ಲಿ. ಬೇರೆ ಬೇರೆ ಕ್ವಾರಿಗಳಿಂದ ನಮ್ಮಂಥವರೇ ಬಂದಿದ್ದರು. ಲೋಡರ್ ಓಡಿಸುವವರು, ಅಡುಗೆಯವರು, ವಾಚ್‌ಮನ್ ಒಬ್ಬರು. ಕಲಿಸಿದವರು ಗಣಿಗಳಲ್ಲೇ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು. ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು, ಹಾಗಾಗಿ ಎಲ್ಲರೂ ಮುಂದಕ್ಕೆ ಬಾಗಿ ಕೇಳಬೇಕಿತ್ತು.

"ನಿಮ್ಮನ್ನ ನಾನು ಎಲೆಕ್ಟ್ರಿಷಿಯನ್ ಮಾಡ್ತಿಲ್ಲ," ಅಂದರು ಮೊದಲಿಗೇ. "ಅದಕ್ಕೆ ವರ್ಷಗಟ್ಲೆ ಬೇಕು. ಜನ ಇಲ್ಲ ಅಂತ ನಿಮ್ಮನ್ನ ಕಳಿಸವ್ರೆ. ನೀವು ಒಂದು ವೈರನ್ನೂ ಬಿಚ್ಚಂಗಿಲ್ಲ, ಕಟ್ಟಂಗಿಲ್ಲ. ಆಫ್ ಮಾಡೋದು, ಬೀಗ ಹಾಕೋದು, ಕರೆಂಟ್ ಇಲ್ಲ ಅಂತ ನೋಡೋದು. ಇಷ್ಟು ಸರಿಯಾಗಿ ಮಾಡಿದ್ರೆ ನಿಮ್ ಜೊತೆ ಇರೋರು ಸಂಜೆ ಮನೆಗೆ ಹೋಗ್ತಾರೆ."

ತಿಂಗಳುಗಟ್ಟಲೆ ಕಲಿಯಬೇಕಾದ್ದನ್ನು ಒಂದು ವಾರದೊಳಗೆ ಮುಗಿಸುತ್ತಿದ್ದೇವೆ ಅನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಹ್ಯಾಂಡಲ್ ಎಳೆಯುವಾಗ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳಬೇಕು, ಯಾಕೆಂದರೆ ಒಳಗಿಂದ ಬೆಂಕಿ ಉಗುಳಿದರೆ ಕಣ್ಣಾದರೂ ಉಳಿಯಲಿ ಅಂದರು. ಬೀಗ ಹಾಕಿದವರ ಹತ್ತಿರವೇ ಕೀ ಇರಬೇಕು, ದೇವರು ಬಂದು ಕೇಳಿದರೂ ಕೊಡಬಾರದು ಅಂದರು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು, ಆಮೇಲೆ ಆಫ್ ಮಾಡಿದ ಕಡೆ ಹಿಡಿದು, ತಿರುಗಿ ಇನ್ನೊಮ್ಮೆ ಕರೆಂಟ್ ಇರುವ ಕಡೆ ಹಿಡಿದು ನೋಡಬೇಕು.

"ಅದ್ಯಾಕೆ ಸಾರ್ ಅಷ್ಟು ಸಲ?" ಅಂತ ವಾಚ್‌ಮನ್ ಕೇಳಿದರು.

"ಟೆಸ್ಟರೇ ಕೆಟ್ಟಿದ್ರೆ? ಅದು ಹತ್ತಲಿಲ್ಲ ಅಂತ ನಂಬಿ ಕೈ ಹಾಕಿದ ಒಬ್ಬನ್ನ ನಾನೇ ಹೊತ್ಕೊಂಡು ಬಂದಿದೀನಿ."

ಇನ್ನೊಂದು ದಿನ ಅವರು ಗೋಣಿಯಲ್ಲಿ ಹುಲ್ಲು ತುಂಬಿ, ಪ್ಯಾಂಟು ಶರಟು ತೊಡಿಸಿದ ಗೊಂಬೆಯೊಂದನ್ನು ಒಂದು ಕಬ್ಬಿಣದ ಪೆಟ್ಟಿಗೆಗೆ ಒರಗಿಸಿ ನಿಲ್ಲಿಸಿದರು. ನಾವು ಟೀ ಕುಡಿಯುತ್ತಿದ್ದಾಗ ಏಕ್‌ದಂ, "ಇವನು ಕರೆಂಟಿಗೆ ಅಂಟ್ಕೊಂಡವ್ನೆ" ಅಂದರು. ಭಾಯಿ ಲೋಟ ಕೆಳಗಿಟ್ಟು ಓಡಿದರು. ಗೊಂಬೆಯ ಎರಡೂ ಭುಜ ಹಿಡಿದು ಎಳೆದರು.

"ಈಗ ಇಬ್ರು ಸತ್ರು," ಅಂದರು ಹಿರಿಯರು.

ಭಾಯಿ ಗೊಂಬೆಯನ್ನು ಹಿಡಿದುಕೊಂಡೇ ನಿಂತಿದ್ದರು. ಯಾರೂ ನಗಲಿಲ್ಲ. ಹಿರಿಯರು ಹತ್ತಿರ ಹೋಗಿ ಅವರ ಕೈಗಳನ್ನು ಮೆಲ್ಲಗೆ ಬಿಡಿಸಿ, "ಒಳ್ಳೇ ಮನ್ಸಿರೋರೇ ಹಿಂಗೆ ಹೋಗೋದು. ಮೊದ್ಲು ಸ್ವಿಚ್ಚು, ಆಮೇಲೆ ಮನುಷ್ಯ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಯಜಮಾನ್ರೇ ಹಿಂಗೆ ಅಂಟ್ಕೊಂಡಿದ್ರೆ ಏನಮ್ಮಾ ಮಾಡ್ತೀರ?"

ಸ್ವಿಚ್ಚು ಆಫ್ ಮಾಡುತ್ತೇನೆ ಸಾರ್ ಅಂದೆ. ಹೇಳಿದ್ದೇನೋ ಹೇಳಿದೆ, ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಕೆಸರಿನಲ್ಲಿ ತಮ್ಮನ ಕೆಳಗೆ ಒದ್ದಾಡುತ್ತಿದ್ದ ಎಮ್ಮೆಯ ಯಜಮಾನನ ಮುಖವೇ ತಟ್ಟೆಯಲ್ಲಿ ಕಾಣುತ್ತಿತ್ತು.

ಕ್ವಾರಿಗೆ ವಾಪಸು ಬಂದ ಮೇಲೆ ನನಗೊಂದು ಕೆಂಪು ಬೀಗ, ಟೆಸ್ಟರ್, ರಬ್ಬರ್ ಗ್ಲೌಸು ಕೊಟ್ಟರು. ಕೀಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡೆ. ತೂಕದ ಕೆಲಸವೂ ತಪ್ಪಲಿಲ್ಲ, ಇದೂ ಸೇರಿತು. ಮೊದಲ ಸಲ ಪ್ಯಾನೆಲ್ ರೂಮಿಗೆ ಹೋದಾಗ ವಾರಕ್ಕೊಮ್ಮೆ ಬರುವ ಎಲೆಕ್ಟ್ರಿಷಿಯನ್ ಜೊತೆಗಿದ್ದರು. ಪಂಪಿನ ಸ್ವಿಚ್ಚು ಇದು ಅಂತ ತೋರಿಸಿದರು. ಪಕ್ಕದಲ್ಲೇ ಅಂಥದ್ದೇ ಇನ್ನೊಂದಿತ್ತು, ಕಿತ್ತುಹಾಕಿದ ಹಳೇ ಪಂಪಿನದು. ಎರಡರ ಮೇಲೂ ಪೇಂಟಿನಲ್ಲಿ ಬರೆದ ಅಕ್ಷರ ಧೂಳಿಗೆ ಮಾಸಿಹೋಗಿತ್ತು. ಬರೆಸಬೇಕು ಅಂದೆ. ಬರೆಸೋಣ ಅಂದರು. ನಾನು ಮುಖ ತಿರುಗಿಸಿ ಹ್ಯಾಂಡಲ್ ಎಳೆದಾಗ ಆದ ಧಡ್ ಶಬ್ದಕ್ಕೆ ನಾಲಿಗೆ ಕಚ್ಚಿಕೊಂಡು ರಕ್ತ ಬಂದಿತ್ತು.

ದಿನ ಹೋದಂತೆ ಕೈಗೆ ಕೆಲಸ ಅಭ್ಯಾಸವಾಯಿತು. ಎದೆಗೆ ಆಗಲಿಲ್ಲ. ಭಾಯಿ ಗುಂಡಿಗೆ ಇಳಿಯುವ ಮೊದಲು ನನ್ನ ಹತ್ತಿರ ಬಂದು, "ಬೀಗ ಬಿತ್ತಾ ಅಮ್ಮಾ?" ಅನ್ನುತ್ತಿದ್ದರು. ಬಿತ್ತು ಭಾಯಿ ಅಂದ ಮೇಲೇ ಇಳಿಯುತ್ತಿದ್ದರು. ಸರಿಯಾಗಿ ನೋಡಿದೆನಾ, ಟೆಸ್ಟರ್ ಸರಿ ಇತ್ತಾ ಅಂತ ಲಾರಿ ತೂಗುವಾಗಲೂ ಅದೇ ಯೋಚನೆ.

ಆ ವರ್ಷ ಮಳೆ ಜೋರಾಗಿ ಹಿಡಿಯಿತು. ಒಂದು ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಗುಂಡಿಯ ತಳದಲ್ಲಿ ಎದೆಮಟ್ಟ ನೀರು ನಿಂತಿತ್ತು. ಪಂಪು ಕೆಸರು ಕಚ್ಚಿಕೊಂಡು ನೀರೆತ್ತುತ್ತಿರಲಿಲ್ಲ. ನಾನು ಪ್ಯಾನೆಲ್ ರೂಮಿಗೆ ಹೋಗಿ ಪಂಪಿನ ಸ್ವಿಚ್ಚು ಆಫ್ ಮಾಡಿ, ಬೀಗ ಹಾಕಿ, ಹೇಳಿಕೊಟ್ಟ ಹಾಗೆ ಮೂರು ಸಲ ಟೆಸ್ಟರ್ ಹಿಡಿದು ನೋಡಿದೆ. ಭಾಯಿ ಫೋನನ್ನೂ ಶರಟನ್ನೂ ಶೆಡ್ಡಿನಲ್ಲಿಟ್ಟು, ಹೆಲ್ಮೆಟ್ ಹಾಕಿಕೊಂಡು ಇಳಿದರು. ಅಷ್ಟರಲ್ಲಿ ಲಾರಿ ಬಂತು. ನಾನು ವೇಬ್ರಿಡ್ಜಿಗೆ ಹೋದೆ. ಅಲ್ಲಿಂದಾಗಲೀ ಪ್ಯಾನೆಲ್ ರೂಮಿನಿಂದಾಗಲೀ ಗುಂಡಿಯ ತಳ ಕಾಣುವುದಿಲ್ಲ. ಅಂಚಿನವರೆಗೆ ನಡೆದು ಬಗ್ಗಿ ನೋಡಬೇಕು.

ಸ್ವಲ್ಪ ಹೊತ್ತಿಗೆ ಲೈನ್ ಕರೆಂಟೇ ಹೋಯಿತು. ಜಲ್ಲಿ ಒಡೆಯುವ ಕ್ರಷರ್ ನಿಂತು ಇಡೀ ಕ್ವಾರಿ ಸದ್ದಿಲ್ಲದಂತಾಯಿತು. ಸೂಪರ್‌ವೈಸರ್ ಬೇಗ ಬೇಗ ನಡೆದುಕೊಂಡು ಬಂದರು.

"ಮೇಡಂ, ಜನರೇಟರ್ ಸ್ಟಾರ್ಟ್ ಮಾಡಿಸ್ತಾ ಇದೀನಿ. ನಿಮ್ ಬೀಗ ತೆಗೀರಿ. ಪಂಪು ಓಡ್ಲಿ."

"ಭಾಯಿ ಕೆಳಗಿದಾರೆ."

"ಇಲ್ಲ, ಮೇಲೆ ಬಂದವ್ರೆ."

"ನೀವು ನೋಡಿದ್ರಾ?"

"ಟಿಪ್ಪರ್ ಡ್ರೈವರ್ ನೋಡ್ದ. ಹೆಲ್ಮೆಟ್ ಹಾಕ್ಕೊಂಡು ಮೇಲೆ ಬಂದ್ರು ಅಂದ."

"ನಾನು ಒಂದ್ಸಲ ನೋಡ್ಕೊಂಡು ಬರ್ತೀನಿ ಸಾರ್."

"ಅಷ್ಟು ದೂರ ಹೋಗಿ ಬರೋ ಹೊತ್ಗೆ ನೀರು ಡ್ರಿಲ್ಲಿಂಗ್ ಮಿಷಿನ್ ಮುಳುಗಿಸ್ತದೆ. ಕೀ ಕೊಡಿ, ನಾನೇ ತೆಗೀತೀನಿ."

ನನ್ನ ಕೈ ಕೊರಳಿನ ದಾರವನ್ನು ಹಿಡಿದುಕೊಂಡಿತ್ತು. ಅವರು ನನಗಿಂತ ದೊಡ್ಡ ಕೆಲಸದವರು, ಮ್ಯಾನೇಜರಿಗೆ ಹತ್ತಿರದವರು. ಕೊಡಲ್ಲ ಸಾರ್, ಅಂದೆ. ಹೇಳಿದ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಅವರು ಏನೋ ಅಂದರು. ನಾನು ಗುಂಡಿಯ ಕಡೆ ಹೊರಟುಬಿಟ್ಟೆ.

ಕಾಲಡಿ ಜಲ್ಲಿ ಜಾರುತ್ತಿತ್ತು. ಅರ್ಧ ದಾರಿ ಹೋಗಿರಬೇಕು, ಹಿಂದಿನಿಂದ ಜನರೇಟರ್ ಗುಡುಗಿತು. ನಿಂತುಬಿಟ್ಟೆ. ಬೀಗ ಹಾಕಿದ್ದೀನಲ್ಲ ಅಂತ ಅಂದುಕೊಂಡೆ. ಜನರೇಟರಿನ ಕರೆಂಟು ಬಂದರೂ ಅದೇ ಸ್ವಿಚ್ಚಿನ ಮೂಲಕವೇ ಪಂಪಿಗೆ ಹೋಗಬೇಕು, ಅದು ಗೊತ್ತಿತ್ತು. ಎಲೆಕ್ಟ್ರಿಷಿಯನ್ ಅದನ್ನು ಬಿಡಿಸಿ ಹೇಳಿದ್ದರು. ಆದರೆ ಗೊತ್ತಿದ್ದದ್ದೆಲ್ಲ ಆ ಶಬ್ದದಲ್ಲಿ ಕೊಚ್ಚಿಕೊಂಡು ಹೋಯಿತು. ಬೀಗ ಹಾಕಿದ್ದು ಯಾವ ಸ್ವಿಚ್ಚಿಗೆ? ಬಲಗಡೆಯದಕ್ಕಾ, ಎಡಗಡೆಯದಕ್ಕಾ? ಮಾಸಿದ ಅಕ್ಷರ ಕಣ್ಣ ಮುಂದೆ ಬಂತು. ಹಳೇ ಪಂಪಿನ ಸ್ವಿಚ್ಚಿಗೆ ಬೀಗ ಹಾಕಿ, ಅಲ್ಲೇ ಟೆಸ್ಟರ್ ಹಿಡಿದು, ಕರೆಂಟ್ ಇಲ್ಲ ಅಂತ ಹೇಳಿ ಬಂದಿದ್ದರೆ? ಹಾಗೆ ಮಾಡಿಲ್ಲ ಅಂತ ಆಣೆ ಮಾಡಿ ಹೇಳುವುದು ಆ ಗಳಿಗೆಯಲ್ಲಿ ನನ್ನಿಂದ ಆಗುತ್ತಿರಲಿಲ್ಲ. ವಾಪಸು ಓಡಿ ಸ್ವಿಚ್ಚು ನೋಡಲೇ, ಮುಂದಕ್ಕೆ ಓಡಿ ಭಾಯಿಯನ್ನು ಕೂಗಲೇ? ಮೊದಲು ಸ್ವಿಚ್ಚು ಅಂತ ಹೇಳಿಕೊಟ್ಟಿದ್ದರು. ಕಾಲು ಮಾತ್ರ ಮುಂದಕ್ಕೇ ಓಡಿತು.

ಅಂಚಿಗೆ ಬಂದು ಬಗ್ಗಿದೆ. ಕೆಳಗೆ ಕೆಂಪು ನೀರು. ನೀರಿನ ಪಕ್ಕದ ಬಂಡೆಯ ಮೇಲೆ ಹಳದಿ ಹೆಲ್ಮೆಟ್ ಒಂದೇ ಇತ್ತು. ಮನುಷ್ಯನಿರಲಿಲ್ಲ.

ಭಾಯೀ ಅಂತ ಕೂಗಿದೆ. ಜನರೇಟರಿನ ಸದ್ದಿಗೆ ಅದು ನನ್ನ ಬಾಯಿ ಬಿಟ್ಟು ಹೋಗಲೇ ಇಲ್ಲವೇನೋ. ಇನ್ನೂ ಕೂಗಿದೆ. ನೀರಿನ ಮೇಲೆ ಸಣ್ಣ ಅಲೆಗಳು ಎದ್ದು ಬಂಡೆಗೆ ಬಡಿಯುತ್ತಿದ್ದವು. ಅವು ಯಾವುದರಿಂದ ಏಳುತ್ತಿವೆ ಅಂತ ಯೋಚಿಸಲೂ ಧೈರ್ಯವಿರಲಿಲ್ಲ. ಅವರ ಮನೆಯವರಿಗೆ ಯಾರು ಹೇಳುತ್ತಾರೆ ಅನ್ನುವುದು ತಲೆಗೆ ಬಂತು. ನಾನೇ ಹೇಳಬೇಕಾಗುತ್ತದೆ.

ಆಗ ದೊಡ್ಡ ಬಂಡೆಯ ಹಿಂದಿನಿಂದ ಭಾಯಿಯ ತಲೆ ಕಾಣಿಸಿತು. ಎದೆಮಟ್ಟ ನೀರಿನಲ್ಲಿದ್ದರು. ಒಂದು ಕೈ ಪಂಪಿನ ಮೇಲಿತ್ತು, ಇನ್ನೊಂದು ಕೈಯಲ್ಲಿ ಪಂಪಿನ ಬಾಯಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲ. ನನ್ನನ್ನು ನೋಡಿ ಅದನ್ನು ಮೇಲೆತ್ತಿ ತೋರಿಸಿದರು.

ಮೇಲೆ ಬನ್ನಿ ಅಂತ ಎರಡೂ ಕೈ ಬೀಸಿದೆ. ಅವರು ಪಂಪಿನ ಮೇಲಿನ ಕೈ ತೆಗೆಯಲಿ, ಅದನ್ನೊಂದು ತೆಗೆಯಲಿ ಅನ್ನುತ್ತಿತ್ತು ನನ್ನ ಜೀವ. ಅವರು ನಿಧಾನವಾಗಿ ನೀರಿನಿಂದ ಬಂದು, ಹೆಲ್ಮೆಟ್ ತೆಗೆದುಕೊಂಡು, ಇಳಿಜಾರು ಹತ್ತಿ ಬಂದರು.

"ಏನಮ್ಮಾ, ಟೀ ಬಂತಾ?" ಅಂದರು.

ನಾನು ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟೆ. ಅವರು ನನ್ನ ಮುಖ ನೋಡಿದರು, ಜನರೇಟರಿನ ಸದ್ದಿನ ಕಡೆ ನೋಡಿದರು. ಮುಖದ ಬಣ್ಣ ಇಳಿಯಿತು. "ಯಾರು ಆನ್ ಮಾಡಕ್ಕೆ ಹೇಳಿದ್ದು?" ಅಂತ ಮಾತ್ರ ಕೇಳಿದರು.

ಇಬ್ಬರೂ ಪ್ಯಾನೆಲ್ ರೂಮಿಗೆ ಹೋದೆವು. ನನ್ನ ಬೀಗ ಪಂಪಿನ ಸ್ವಿಚ್ಚಿನ ಮೇಲೆಯೇ ಇತ್ತು, ಸರಿಯಾದ ಸ್ವಿಚ್ಚೇ. ಆದರೆ ಅದರ ಕೊಂಡಿಯಲ್ಲಿ ಒಂದು ಹೊಸ ಗಾಯ ಹೊಳೆಯುತ್ತಿತ್ತು. ನೆಲದ ಮೇಲೆ ಕಬ್ಬಿಣ ಕೊಯ್ಯುವ ಗರಗಸ ಬಿದ್ದಿತ್ತು. ಸೂಪರ್‌ವೈಸರ್ ಬಾಗಿಲ ಹತ್ತಿರ ನಿಂತಿದ್ದರು. ತಲೆಯಿಂದ ಕಾಲಿನವರೆಗೆ ನೀರು ಸುರಿಯುತ್ತಿದ್ದ ಭಾಯಿಯನ್ನು ನೋಡುತ್ತಲೇ ಅವರ ಕೈ ಬಾಗಿಲ ಚೌಕಟ್ಟನ್ನು ಹುಡುಕಿತು.

"ಡ್ರೈವರ್ ಹೇಳ್ದ... ಬಂದವ್ರೆ ಅಂತ," ಅಂದರು.

ಡ್ರೈವರ್ ನೋಡಿದ್ದು ಡ್ರಿಲ್ಲಿಂಗಿನವನೊಬ್ಬನನ್ನು. ಅವನದೂ ಅಂಥದ್ದೇ ಹಳದಿ ಹೆಲ್ಮೆಟ್ಟು.

ಭಾಯಿ ಮುಂದೆ ಹೋಗಿ, ಬೀಗದ ಕೊಂಡಿಯ ಮೇಲಿನ ಗೀರನ್ನು ಬೆರಳಿನಿಂದ ಸವರಿದರು. ಅರ್ಧದಷ್ಟು ಒಳಗೆ ಇಳಿದಿತ್ತು. ಕಬ್ಬಿಣ ಕೊಯ್ಯುವುದೇ ಅವರ ಕಸುಬು, ಇನ್ನೆಷ್ಟು ಉಳಿದಿತ್ತು ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ತಿಳಿದಿರಬೇಕು. ಹೊರಗೆ ಬಂದು ಯಾರೋ ಕೊಟ್ಟ ಟೀ ಲೋಟ ಹಿಡಿದರು. ಕುಡಿಯದೆ ಹಾಗೇ ಕಲ್ಲಿನ ಮೇಲಿಟ್ಟು ಕೂತರು. ಸೂಪರ್‌ವೈಸರ್ ಮರಳಿನ ಗುಡ್ಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡು ಬಂದರು. ಅವರ ಮೇಲೆ ನನಗೆ ಕೋಪ ಬರಬೇಕಿತ್ತು. ಆಮೇಲೆ ಬಂತು ಕೂಡ. ಆಗ ಮಾತ್ರ ನಾವು ಮೂವರೂ ಒಂದೇ ಭಯದಲ್ಲಿ ಕೂತಿದ್ದೆವು.

ಮ್ಯಾನೇಜರ್ ಎಲ್ಲರನ್ನೂ ಕರೆದು ಮಾತಾಡಿದರು. ಸೂಪರ್‌ವೈಸರಿಗೆ ಬೈದರು, ನನಗೆ ಹೊಸ ಬೀಗ ತರಿಸಿದರು, ಸ್ವಿಚ್ಚುಗಳ ಮೇಲೆ ದೊಡ್ಡದಾಗಿ ಬರೆಸಿದರು. ಮಾತಿನ ಕೊನೆಗೆ, "ಏನೂ ಆಗ್ಲಿಲ್ವಲ್ಲ, ಬುಡಿ" ಅಂದರು.

ಮನೆಯಲ್ಲಿ ನಾನು ಹೇಳಿರಲಿಲ್ಲ. ಎರಡು ಮೂರು ದಿನ ಸ್ನಾನದ ಮನೆಯ ಗೀಸರ್ ಸ್ವಿಚ್ಚು ಮುಟ್ಟಲು ಆಗದೆ ತಣ್ಣೀರಲ್ಲೇ ಸ್ನಾನ ಮಾಡಿದ್ದು ನೋಡಿ ಯಜಮಾನರೇ ಹಿಡಿದು ಕೂರಿಸಿ ಕೇಳಿದರು. ಹೇಳಿದೆ. ಅವರು, "ಬಿಟ್ಬಿಡು ಕಣೇ. ಬೇರೆ ಎಲ್ಲಾದ್ರೂ ನೋಡೋಣ. ನಿನ್ ಕೈಯಲ್ಲಿ ಒಂದು ಜೀವ ಹೋದ್ರೆ ನೀನು ಬದುಕಲ್ಲ, ನಂಗೊತ್ತು" ಅಂದರು. ನನಗೂ ಅದೇ ಸರಿ ಅನ್ನಿಸಿತು. ತಿಂಗಳು ಮುಗಿಯಲಿ, ಹೇಳಿಬಿಡುತ್ತೇನೆ ಅಂದೆ. ಭಾಯಿಗೊಬ್ಬರಿಗೆ ಮಾತ್ರ ಮೊದಲೇ ಹೇಳಿದೆ.

ಆ ಭಾನುವಾರ ಭಾಯಿಯ ಹೆಂಡತಿ ಸಿಟಿ ಬಸ್ಸಿನಲ್ಲಿ ಬಟವಾಡಿಗೆ ಬಂದು, ಮನೆ ಹುಡುಕಿಕೊಂಡು ಬಂದರು. ಅದಕ್ಕೆ ಮೊದಲು ನಾನು ಅವರನ್ನು ನೋಡಿರಲಿಲ್ಲ. ಬುರ್ಖಾದ ಮುಖಪರದೆ ಹಿಂದಕ್ಕೆ ಹಾಕಿ ಚಾಪೆಯ ಮೇಲೆ ಕೂತರು. ಒಂದು ಡಬ್ಬಿಯಲ್ಲಿ ಖರ್ಜೂರದ ಸಿಹಿ ತಂದಿದ್ದರು. ಧನ್ಯವಾದ ಹೇಳಲು ಬಂದಿದ್ದಾರೆ ಅಂದುಕೊಂಡು ನನಗೆ ಮುಜುಗರವಾಗುತ್ತಿತ್ತು. ಅವರು ನನ್ನ ಮಂಡಿಯ ಮೇಲೆ ಕೈ ಇಟ್ಟರು.

"ನೀವು ಬಿಡ್ತೀರಂತೆ ಅಂದ್ರು ನಮ್ಮೋರು. ನಿಜಾನಾ?"

ನಾನು ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ.

"ಅವ್ರಿಗೆ ಹೇಳ್ದೆ, ನೀವೂ ಬಿಟ್ಟುಬಿಡಿ ಅಂತ. ಈ ವಯಸ್ಸಿಗೆ ಯಾರು ತಗೋತಾರೆ ಅಂತಾರೆ. ಆ ಅಮ್ಮ ಇದ್ರೆ ಇಳೀತೀನಿ, ಇಲ್ದಿದ್ರೂ ಇಳೀಲೇಬೇಕಲ್ಲ, ಅಂತಾರೆ." ಅವರ ಕೈ ನನ್ನ ಮಂಡಿಯ ಮೇಲೆ ಬಿಗಿಯಾಯಿತು. "ಅವ್ರು ಬೆಳಿಗ್ಗೆ ಹೋದ್ರೆ ಸಂಜೆ ಗಾಡಿ ಸದ್ದು ಕೇಳೋವರ್ಗೂ ನಂಗೆ ಕೈಕಾಲಾಡಲ್ಲ. ನೀವು ಅಲ್ಲಿದೀರ ಅಂದ್ರೆ ಸ್ವಲ್ಪ ಉಸಿರಾಡ್ತೀನಿ."

ಯಜಮಾನರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅವರನ್ನು ಆಟೋದಲ್ಲಿ ಮನೆಗೆ ಬಿಟ್ಟು ಬಂದವರು, ಬಿಡು ಅನ್ನುವ ಮಾತನ್ನು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಭಾಯಿಯ ಹೆಂಡತಿಗೆ ಇಲ್ಲ ಅನ್ನಲು ಬಾಯಿ ಬಾರದೆ ಹೂಂ ಅಂದಿದ್ದೆ. ಆದರೆ ಹೂಂ ಅಂದ ಮೇಲೆ ಭಯ ಮೊದಲಿಗಿಂತ ದೊಡ್ಡದಾಯಿತು. ಈಗ ಅದರಲ್ಲಿ ಇನ್ನೊಂದು ಮನೆಯವರೂ ಇದ್ದರು.

ಒಂದು ನಿಯಮ ಮಾತ್ರ ನಾನೇ ಹಾಕಿಕೊಂಡೆ. ಭಾಯಿ ಗುಂಡಿಯಲ್ಲಿರುವಷ್ಟು ಹೊತ್ತು ನಾನು ಅಂಚಿನಲ್ಲಿ ನಿಲ್ಲುತ್ತೇನೆ, ತೂಕ ನಿಂತರೂ ನಿಲ್ಲಲಿ. ಮ್ಯಾನೇಜರ್ ಮೊದಲು ಗೊಣಗಿದರು. ಲಾರಿಯವರು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾದರು. ಆಮೇಲೆ ಸೂಪರ್‌ವೈಸರೇ ಬಂದು ವೇಬ್ರಿಡ್ಜಿನಲ್ಲಿ ಕೂತು ಚೀಟಿ ಹರಿಯತೊಡಗಿದರು. ನಾನು ಕೇಳಿರಲಿಲ್ಲ, ಅವರೂ ಯಾಕೆಂದು ಹೇಳಲಿಲ್ಲ.

ಮುಂದಿನ ಬೇಸಿಗೆಗೆ ಕಡೆಗೂ ಪೂರ್ತಿ ಕೆಲಸದ ಎಲೆಕ್ಟ್ರಿಷಿಯನ್ ಸಿಕ್ಕರು. ಗುಬ್ಬಿ ತಾಲ್ಲೂಕು ಸಿ.ಎಸ್. ಪುರದ ಕಡೆಯವರು, ಇಪ್ಪತ್ತು ವರ್ಷ ಇದರಲ್ಲೇ ಕೈ ಪಳಗಿದವರು. ಇನ್ನು ನನಗೆ ಬಿಡುಗಡೆ ಅಂದುಕೊಂಡು ಹಗುರಾಗಿ ಅವರ ಜೊತೆ ಪ್ಯಾನೆಲ್ ರೂಮಿಗೆ ಹೋದೆ. ಅವರು ಸ್ವಿಚ್ಚು ಇಳಿಸಿದರು. ಟೆಸ್ಟರ್ ಚಾಚಿದೆ. ಬೇಡ ಅಂತ ತಲೆಯಾಡಿಸಿ, ಬೆರಳಿನ ಹಿಂಬದಿಯನ್ನು ವೈರಿಗೆ ತಾಗಿಸಿ ನೋಡಿದರು.

ನಾನು ಟೆಸ್ಟರನ್ನು ಇನ್ನೂ ಮುಂದಕ್ಕೆ ಚಾಚಿದೆ.

"ಹಂಗೆ ಮುಟ್ಬೇಡಿ ಅಣ್ಣಾ," ಅಂದೆ.

"ಹಿಂಗಡೆ ಮುಟ್ಟಿದ್ರೆ ಕೈ ಅಂಟ್ಕಳಲ್ಲ ಕಣಮ್ಮಾ, ಅದೇ ತಳ್ತದೆ. ಇಪ್ಪತ್ತು ವರ್ಸದಿಂದ ಹಿಂಗೇ ನೋಡ್ತಿರೋದು."

"ಬೀಗ?"

"ನಾನಿಲ್ಲೇ ನಿಂತಿರ್ತೀನಲ್ಲ, ಬೀಗ ಯಾಕೆ?"

ಹೊರಗೆ ಭಾಯಿ ಹೆಲ್ಮೆಟ್ ಹಾಕಿಕೊಂಡು ಕಾಯುತ್ತಿದ್ದರು. ನನ್ನ ಕಡೆ ನೋಡಿದರು. ನಾನು ಕೊರಳಿನ ದಾರ ತೆಗೆದು, ಎಲೆಕ್ಟ್ರಿಷಿಯನ್ ಅವರನ್ನು ಸ್ವಲ್ಪ ಸರಿಯಿರಿ ಅಂತ ಕೇಳಿ, ಸ್ವಿಚ್ಚಿಗೆ ಬೀಗ ಹಾಕಿದೆ. ಮೂರು ಸಲ ಟೆಸ್ಟರ್ ಹಿಡಿದು ನೋಡಿದೆ. ಅವರು ಎದೆಯ ಮೇಲೆ ಕೈ ಕಟ್ಟಿ ನಗುತ್ತಾ ನಿಂತಿದ್ದರು.

ಈಗಲೂ ಅವರು ನಗುತ್ತಾರೆ. ನನ್ನನ್ನು ಬೀಗದಮ್ಮ ಅಂತ ಕರೆಯುತ್ತಾರೆ. ಆದರೆ ಗುಂಡಿಗೆ ಯಾರಾದರೂ ಇಳಿಯುವುದಿದ್ದರೆ ನನಗೆ ಹೇಳಿಕಳಿಸಿ, ನಾನು ಹೋಗುವವರೆಗೆ ಕಾಯುತ್ತಾರೆ. ಬೆರಳು ತಾಗಿಸಿ ನೋಡುವುದನ್ನು ನನ್ನ ಮುಂದೆ ಬಿಟ್ಟಿದ್ದಾರೆ. ನಾನಿಲ್ಲದಾಗ ಏನು ಮಾಡುತ್ತಾರೋ ತಿಳಿಯದು. ನೆಗಡಿ ಜ್ವರ ಬಂದು ಒಂದು ದಿನ ರಜೆ ಹಾಕಿದರೂ ನಾನು ಮಲಗಿರುವುದಿಲ್ಲ. ಮಧ್ಯಾಹ್ನದೊಳಗೆ ಭಾಯಿಗೆ ಫೋನು ಮಾಡುತ್ತೇನೆ. ಅವರು ಎತ್ತಿ ಹಲೋ ಅನ್ನುವವರೆಗೆ ಎದ್ದು ನಿಂತೇ ಇರುತ್ತೇನೆ.